ಒತ್ತಕ್ಷರಕ್ಕೆ ಹೊಣೆ ಯಾರು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರನ್ನು ಗಣಕಯಂತ್ರದಿಂದ ಒಂದು ಕಾಗದದ ಮೇಲೆ ಅಚ್ಚು ಮಾಡಿಸಿ ನೋಡಿದರೆ, ಆ ಯಂತ್ರದೊಳಗಿನ ತಂತ್ರಾಂಶಕ್ಕೆ ಕನ್ನಡ ಎಷ್ಟರಮಟ್ಟಿಗೆ ಬರುತ್ತದೆಂಬುದು ಕ್ಷಣಮಾತ್ರದಲ್ಲಿ ತಿಳಿದುಬಿಡುತ್ತದೆ. ದೊಡ್ಡಬಳ್ಳಾಪುರದಲ್ಲಿ ಎರಡು ಒತ್ತಕ್ಷರಗಳಿವೆ, ದೇವನಹಳ್ಳಿಯಲ್ಲಿ ಒಂದು. ಹೊಸಕೋಟೆಯಲ್ಲಿ ಒತ್ತಿಲ್ಲವಾದರೂ ‘ಕೋ’ ಎಂಬಲ್ಲಿಯ ಸ್ವರಚಿಹ್ನೆ ಮೂರು ಭಾಗವಾಗಿ ವ್ಯಂಜನದ ಮೇಲೂ ಬಲಕ್ಕೂ ಹೊಂದಿಕೊಂಡು ಕುಳಿತುಕೊಳ್ಳಬೇಕು. ನೆಲಮಂಗಲವೊಂದೇ ಸ್ವಲ್ಪ ಸುಲಭವಾದದ್ದು. ಆದರೆ ಆ ತಾಲ್ಲೂಕಿನ ತ್ಯಾಮಗೊಂಡ್ಲು ಆ ಕೊರತೆಯನ್ನು ಧಾರಾಳವಾಗಿ ತುಂಬಿಕೊಡುತ್ತದೆ. ಅಸಮರ್ಥವಾದ ತಂತ್ರಾಂಶವು ಮೊದಲನೆಯ ಹೆಸರನ್ನು ‘ದೊಡ್‌ಡಬಳ್‌ಳಾಪುರ’ ಎಂದು ಮುರಿದು ಮುದ್ರಿಸಿ, ಅದನ್ನೇ ರಸೀತಿಯೆಂದು ನಾಗರಿಕನ ಕೈಗಿಡುತ್ತದೆ.

ಈ ವಿಕಾರಕ್ಕೆ ತಂತ್ರಾಂಶವನ್ನು ಬರೆದವನ ಅಜ್ಞಾನವೇ ಕಾರಣವೆಂದು ಬಗೆಯುವುದು ಸಹಜವಾದರೂ ನ್ಯಾಯವಲ್ಲ. ದೊಡ್ಡಬಳ್ಳಾಪುರದ ಮಗ್ಗದವನು ನೂಲನ್ನು ತಾನೇ ತೆಗೆಯದೆ ಕೊಂಡುತಂದು ಹಾಸುಹೊಕ್ಕುಗಳನ್ನು ಸಿದ್ಧಪಡಿಸಿಕೊಳ್ಳುವಂತೆ, ತಂತ್ರಾಂಶಕಾರನೂ ಅಕ್ಷರ ಮೂಡಿಸುವುದು, ದಿನಾಂಕ ಎಣಿಸುವುದು, ಕಡತವನ್ನು ಕುಗ್ಗಿಸುವುದು ಮೊದಲಾದ ಕಾರ್ಯಗಳಿಗೆ ಅನ್ಯರು ಬರೆದಿಟ್ಟ ಸಿದ್ಧ ಭಾಗಗಳನ್ನು ತಂದು ಜೋಡಿಸಿಕೊಳ್ಳುತ್ತಾನೆ. ಇವುಗಳಿಗೆ ಅವರ ವಲಯದಲ್ಲಿ ಲೈಬ್ರರಿ ಎಂದು ಹೆಸರು. ನೂಲು ಕೆಟ್ಟಿದ್ದರೂ ಗಿರಾಕಿಯ ಬೈಗುಳ ನೇಕಾರನಿಗೇ ಸಲ್ಲುವುದಷ್ಟೆ. ಆದುದರಿಂದ ಲೈಬ್ರರಿಯ ಆಯ್ಕೆಯೆಂಬುದು ಆ ಕಸುಬಿನಲ್ಲಿ ಅರ್ಧ ಭಾಗ. ಆಯ್ದುಕೊಳ್ಳಲು ಇರತಕ್ಕವೆಲ್ಲ ಒಂದಲ್ಲ ಒಂದು ದೋಷದಿಂದ ಕೂಡಿರುವಾಗ ಅದೊಂದು ದೊಡ್ಡ ಸಂಕಟ.

ಕನ್ನಡದ ತೊಡಕು ಇಂಥದೆಂದು ಸ್ವಲ್ಪ ವಿವರಿಸಬೇಕು. 1991ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಯೂನಿಕೋಡ್ ವ್ಯವಸ್ಥೆಯಲ್ಲಿ ‘ಡ್ಡ’ ಎಂಬುದು ಒಂದು ಅಕ್ಷರವಾಗಿ ಶೇಖರವಾಗದೆ, ಡಕಾರ, ಹಲಂತದ ಚಿಹ್ನೆ, ಮತ್ತೊಂದು ಡಕಾರ ಎಂಬ ಮೂರು ಸಂಕೇತಗಳ ಸಾಲಾಗಿ ನಿಲ್ಲುತ್ತದೆ. ಎರಡನೆಯದನ್ನು ಒತ್ತಾಗಿ ಮಾರ್ಪಡಿಸಿ ಮೊದಲನೆಯದರ ಕೆಳಗಿರಿಸುವುದು ಅಚ್ಚುಮಾಡುವ ತಂತ್ರಾಂಶದ ಕರ್ತವ್ಯ. ಅರ್ಕಾವತಿಯಂಥ ಹೆಸರಿನಲ್ಲಿ ತೊಡಕು ಇನ್ನೂ ಹೆಚ್ಚು: ಸಂಕೇತಗಳ ಸಾಲಿನಲ್ಲಿ ಮೊದಲು ಬರುವ ರಕಾರವು ಕಾಗದದ ಮೇಲೆ ಅರ್ಕಾವತ್ತಿನ ರೂಪದಿಂದ ಕಕಾರದ ನಂತರ ಕಾಣಿಸಿಕೊಳ್ಳಬೇಕು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’ ಮತ್ತು ತರುವಾಯ ಕನ್ನಡ ಗಣಕ ಪರಿಷತ್ತಿನಿಂದ ಬಂದ ‘ನುಡಿ’ಯ ಕಾಲದಲ್ಲಿ ಅಕ್ಷರದ ಒಂದೊಂದು ತುಂಡಿಗೂ ಫಾಂಟಿನಲ್ಲಿ ಪ್ರತ್ಯೇಕ ಸ್ಥಾನವಿದ್ದುದರಿಂದ ಮುದ್ರಣವೇನೋ ಅಂದವಾಗಿತ್ತು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರೆಹ ಅರ್ಥವಿಲ್ಲದ ರೋಮನ್ ಲಿಪಿಯ ಗೊಂದಲವಾಗಿ ತೋರುತ್ತಿತ್ತು. ಪದವನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಬಹು ಕಷ್ಟವಾಗಿತ್ತು. ಯೂನಿಕೋಡಿಗೆ ಬಂದದ್ದು ಸರಿಯಾದ ಹೆಜ್ಜೆಯೇ. ಆದರೆ ಅಲ್ಲಿಯವರೆಗೆ ಫಾಂಟು ಹೊತ್ತಿದ್ದ ಭಾರ ಆಗ ಲೈಬ್ರರಿಯ ಮೇಲೆ ಬಿತ್ತು.

ಆ ಭಾರವನ್ನು ಚೆನ್ನಾಗಿ ಹೊರಬಲ್ಲ ಹಾರ್ಫ್‌ಬಝ್ ಎಂಬ ಲೈಬ್ರರಿಯೊಂದು ಉಚಿತವಾಗಿಯೇ ಲೋಕಕ್ಕೆ ಲಭ್ಯವಿದೆ. ಆಂಡ್ರಾಯ್ಡ್ ದೂರವಾಣಿಯಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ, ಲಿಬ್ರೆ ಆಫೀಸಿನಲ್ಲಿ ನಾವು ಕಾಣುವ ಕನ್ನಡವನ್ನು ಹೊಂದಿಸಿಕೊಡುವುದು ಅದೇ. ಆದರೆ ರಸೀತಿಯನ್ನೋ ದಾಖಲೆಯನ್ನೋ ಪಿಡಿಎಫ್ ಕಡತವಾಗಿ ತಯಾರಿಸಿಕೊಡುವ ಲೈಬ್ರರಿಗಳು ಬೇರೆ. ಅವುಗಳಲ್ಲಿ ಅನೇಕವು, ಒಂದು ಸಂಕೇತಕ್ಕೆ ಒಂದು ಆಕೃತಿಯಿಟ್ಟರೆ ಸಾಕಾಗುವ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವುಗಳಾದುದರಿಂದ, ಹಾರ್ಫ್‌ಬಝ್‌ನಂಥದರ ಸಹಾಯವನ್ನು ಬಹುಕಾಲ ಬಯಸಲೇ ಇಲ್ಲ.

ಈಗ ದೊಡ್ಡಬಳ್ಳಾಪುರದ ಯಾವುದೋ ಒಂದು ಸಹಕಾರ ಸಂಘಕ್ಕೆ ಕನ್ನಡದ ರಸೀತಿಗಳನ್ನು ಅಚ್ಚುಮಾಡಿಕೊಡಬೇಕಾದ ತರುಣನೊಬ್ಬನನ್ನು ಭಾವಿಸಿಕೊಳ್ಳೋಣ. ಬಹುಜನಪ್ರಿಯವಾದ ಟಿಸಿಪಿಡಿಎಫ್ ಅನ್ನು ಅವನು ತಂದರೆ ಅದು ಒತ್ತಕ್ಷರವನ್ನು ಕೂಡಿಸುವುದಿಲ್ಲ. ಎಂಪಿಡಿಎಫ್ ಕೂಡಿಸುತ್ತದೆ, ಆದರೆ ದೊಡ್ಡ ಕಡತಗಳಲ್ಲಿ ಅದು ನಿಧಾನ. ಐಟೆಕ್ಸ್ಟ್ ಸಮರ್ಥವಾದದ್ದೇ ಹೌದು. ಆದರೆ ಭಾರತೀಯ ಲಿಪಿಗಳ ಅಕ್ಷರಸಂಯೋಜನೆಗೆ ಹಣ ತೆತ್ತು ಪ್ರತ್ಯೇಕ ಭಾಗವನ್ನು ಕೊಳ್ಳಬೇಕು, ಮತ್ತು 2009ರಿಂದೀಚೆಗಿನ ಅದರ ಪರವಾನಗಿಯ ನಿಬಂಧನೆಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯುವುದು ಕ್ಷೇಮ. ಜಾಲಪುಟವನ್ನು ಪಿಡಿಎಫ್ ಆಗಿ ಪರಿವರ್ತಿಸುತ್ತಿದ್ದ ಡಬ್ಲ್ಯುಕೆ‌ಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಉದ್ದ ಹೆಸರಿನ ಸಾಧನಕ್ಕೆ ಅದರ ಕರ್ತೃಗಳೇ 2023ರ ಜನವರಿಯಲ್ಲಿ ತೆರೆ ಎಳೆದರು. ಕ್ರೋಮ್ ಅನ್ನೇ ತೆರೆಯ ಹಿಂದೆ ನಡೆಸಿ ಅಚ್ಚು ತೆಗೆದರೆ ಅಕ್ಷರಗಳೇನೋ ಶುದ್ಧವಾಗಿ ಬರುತ್ತವೆ. ಆದರೆ ಒಂದು ರಸೀತಿಗಾಗಿ ಇಡೀ ಬ್ರೌಸರನ್ನು ಎಬ್ಬಿಸುವ ಖರ್ಚನ್ನು ಸಂಘದ ಹಳೆಯ ಯಂತ್ರ ತಾಳಬೇಕಲ್ಲ! ಇಷ್ಟೆಲ್ಲ ಕಳೆದು ಕಾಗದದ ಮೇಲೆ ಹೆಸರು ಸರಿಯಾಗಿ ಮೂಡಿದ ಮೇಲೂ, ಆ ಪಿಡಿಎಫ್‌ನಿಂದ ಪಠ್ಯವನ್ನು ನಕಲಿಸಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುವುದುಂಟು. ಅಂಥ ಕಡತದಲ್ಲಿ ಪದವನ್ನು ಹುಡುಕಿದರೆ ಸಿಗದು; ಅಂಧರಿಗೆ ಅದನ್ನು ಓದಿಹೇಳುವ ಯಂತ್ರವೂ ತೊದಲುತ್ತದೆ.

ಈ ದೋಷಗಳಲ್ಲಿ ಬಹಳಷ್ಟು, ಆಯ್ಕೆ ಮಾಡಿ ಆರು ತಿಂಗಳು ಕಳೆದು ಎಲ್ಲ ಕೆಲಸವೂ ಅದರ ಮೇಲೆ ನಿಂತ ಬಳಿಕವೇ ಪ್ರಕಟವಾಗತಕ್ಕವು. ಆಗ ಬಳಲಿದ ತರುಣನಿಗೆ ಉಳಿಯುವ ಸುಲಭೋಪಾಯಗಳು ಎರಡೇ: ಕನ್ನಡವನ್ನು ಚಿತ್ರವಾಗಿ ಅಂಟಿಸುವುದು, ಇಲ್ಲವೆ ರಸೀತಿಯನ್ನು ಇಂಗ್ಲಿಷಿನಲ್ಲಿಯೇ ಮುದ್ರಿಸಿಬಿಡುವುದು. ವೇದಿಕೆಯ ಮೇಲೆ ಯಾರೂ ಕನ್ನಡವನ್ನು ವಿರೋಧಿಸದೆ, ಯಾವ ಆಜ್ಞೆಯೂ ಹೊರಡದೆ, ಕನ್ನಡ ಹೀಗೆ ಸದ್ದಿಲ್ಲದೆ ಕಚೇರಿಯಿಂದ ಹೊರಗೆ ಹೋಗುತ್ತದೆ. ಒಬ್ಬ ತರುಣನ ಮೇಜಿನ ಮೇಲೆ ತೀರ್ಮಾನವಾಗುವ ಈ ವಿಷಯ ವಸ್ತುತಃ ಸಾರ್ವಜನಿಕವಾದದ್ದೆಂದೂ, ಅದರ ಹೊಣೆಯನ್ನು ಸಾರ್ವಜನಿಕ ಸಂಸ್ಥೆಗಳೇ ವಹಿಸತಕ್ಕದ್ದೆಂದೂ ನಾನು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಸರ್ಕಾರವೇ ಹೊಸದೊಂದು ಲೈಬ್ರರಿಯನ್ನು ಬರೆಯಿಸಲಿ ಎಂದು ಕೆಲವರು ಸಲಹೆ ಮಾಡಬಹುದು. ಅದು ವಿವೇಕವೆಂದು ನನಗೆ ತೋರುವುದಿಲ್ಲ. ಬಳಕೆಯಲ್ಲಿರುವ ಲೈಬ್ರರಿಯ ದೋಷಗಳನ್ನು ಸಾವಿರ ಜನ ಕಂಡು ದಾಖಲಿಸಿರುತ್ತಾರೆ. ಹೊಸದರ ದೋಷಗಳನ್ನು ನಮ್ಮ ರೈತರ ಪಹಣಿಗಳ ಮೇಲೆಯೇ ಪ್ರಯೋಗಿಸಿ ಕಂಡುಕೊಳ್ಳಬೇಕಾಗುತ್ತದೆ. ದೊಡ್ಡ ಕಂಪನಿಯಿಂದ ಕೊಂಡರೆ ನಿಶ್ಚಿಂತೆಯೆಂಬ ಮಾತೂ ನಿಲ್ಲುವುದಿಲ್ಲ. ಏಕೆಂದರೆ ಅವರ ಸರಕಿನ ಒಳಗೂ ಇರುವುದು ಬಹುಮಟ್ಟಿಗೆ ಇವೇ ಉಚಿತ ಲೈಬ್ರರಿಗಳು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ಬಿರುಕು ಹೊರಬಿದ್ದಾಗ ಲೋಕದ ಮಹಾಸಂಸ್ಥೆಗಳೆಲ್ಲ ಒಟ್ಟಿಗೆ ತತ್ತರಿಸಿದವು. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಝೆಡ್ ಪ್ರಕರಣ ಇನ್ನೂ ಬೋಧಪ್ರದವಾದದ್ದು: ಬಹುಮಟ್ಟಿಗೆ ಒಬ್ಬನೇ ಬಳಲುತ್ತ ನೋಡಿಕೊಳ್ಳುತ್ತಿದ್ದ ಲೈಬ್ರರಿಗೆ ಸಹಾಯಕನ ವೇಷದಲ್ಲಿ ಬಂದವನೊಬ್ಬ, ವರ್ಷಗಟ್ಟಲೆ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನಿರಿಸಿದ. ಕೆಲಸ ಸುಮಾರು ಅರ್ಧ ಸೆಕೆಂಡು ನಿಧಾನವಾದುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರು ಗಮನಿಸಿ ಬೆನ್ನುಹತ್ತದೆ ಹೋಗಿದ್ದರೆ ಅನರ್ಥ ಎಷ್ಟು ದೂರ ಹಬ್ಬುತ್ತಿತ್ತೋ! ಲೈಬ್ರರಿಯೊಂದನ್ನು ಆಯುವಾಗ ಅದರ ಗುಣಪಟ್ಟಿಗಿಂತ ಮೊದಲು ವಿಚಾರಿಸತಕ್ಕದ್ದು, ಅದನ್ನು ತಿದ್ದುವವರು ಯಾರು, ಅವರ ಯೋಗಕ್ಷೇಮ ನಡೆಯುವುದು ಹೇಗೆ ಎಂಬುದನ್ನೇ. ತಿದ್ದುವವರಿರುವ ಲೈಬ್ರರಿಯ ದೋಷ ಇಂದಲ್ಲ ನಾಳೆ ಪರಿಹಾರವಾದೀತು. ಒಡೆಯನಿಲ್ಲದ ಲೈಬ್ರರಿಯ ಗುಣವೂ ಹೆಚ್ಚು ದಿನ ನಿಲ್ಲದು.

ಆದುದರಿಂದ ಆಗಬೇಕಾದ ಕಾರ್ಯಗಳು ಮೂರು. ಮೊದಲನೆಯದು, ಕನ್ನಡದ ಕಠಿಣ ಪದಗಳ ಪರೀಕ್ಷಾಪಟ್ಟಿಯೊಂದನ್ನು ಇ-ಆಡಳಿತ ಇಲಾಖೆ ಸಿದ್ಧಪಡಿಸಿ ಎಲ್ಲರಿಗೂ ದೊರೆಯುವಂತೆ ಪ್ರಕಟಿಸಬೇಕು. ಇದಕ್ಕೆ ಪಂಡಿತರ ಸಮಿತಿಯೇನೂ ಬೇಡ. ಘಾಟಿ ಸುಬ್ರಹ್ಮಣ್ಯದಿಂದ ಚನ್ನರಾಯಪಟ್ಟಣದವರೆಗೆ ಈ ಒಂದು ಜಿಲ್ಲೆಯ ಊರುಗಳ ಹೆಸರನ್ನು ಕ್ರಮವಾಗಿ ಬರೆದರೂ ಸಾಕಷ್ಟು ಸಾಮಗ್ರಿ ದೊರೆಯುತ್ತದೆ. ಎರಡನೆಯದು, ಸರ್ಕಾರಕ್ಕೆ ತಂತ್ರಾಂಶ ಒದಗಿಸುವ ಪ್ರತಿಯೊಂದು ಟೆಂಡರಿನಲ್ಲಿಯೂ, ಆ ಪಟ್ಟಿ ಕಾಗದದ ಮೇಲೆ ಶುದ್ಧವಾಗಿ ಮೂಡತಕ್ಕದ್ದು ಮತ್ತು ಪಿಡಿಎಫ್‌ನಿಂದ ನಕಲಿಸಿದಾಗಲೂ ಶುದ್ಧವಾಗಿ ಬರತಕ್ಕದ್ದು, ಅಲ್ಲಿಯವರೆಗೆ ಹಣ ಪಾವತಿಯಾಗದು ಎಂಬ ಷರತ್ತಿರಬೇಕು. ಮೂರನೆಯದು, ಹೀಗೆ ಬಯಲಾದ ದೋಷಗಳನ್ನು ಮೂಲ ಲೈಬ್ರರಿಯಲ್ಲಿಯೇ ತಿದ್ದಿಸುವುದಕ್ಕೆ ಹಣವನ್ನು ಮೀಸಲಿಡಬೇಕು. ಜರ್ಮನಿಯ ಸರ್ಕಾರ 2022ರಿಂದ ಸಾವರಿನ್ ಟೆಕ್ ಫಂಡ್ ಎಂಬ ನಿಧಿಯ ಮೂಲಕ ಇಂಥದೇ ಕೆಲಸಕ್ಕೆ ನೆರವು ನೀಡುತ್ತಿದೆ. ಒಮ್ಮೆ ಮೂಲದಲ್ಲಿ ತಿದ್ದಿದ್ದು ದೇವನಹಳ್ಳಿಗೂ ಬೀದರಿಗೂ ಕಾಸರಗೋಡಿನ ಕನ್ನಡಿಗರಿಗೂ ಒಂದೇ ಸಮನಾಗಿ ಸಲ್ಲುತ್ತದೆ.

ಇವುಗಳಿಗೆ ಹೊಸ ಶಾಸನದ ಅಗತ್ಯವಿಲ್ಲ. ಕನ್ನಡವು ಆಡಳಿತ ಭಾಷೆಯೆಂದು 1963ರ ರಾಜಭಾಷಾ ಅಧಿನಿಯಮವೇ ಹೇಳಿದೆ. ಅದನ್ನು ಒತ್ತಕ್ಷರಸಹಿತವಾಗಿ ಪಾಲಿಸಿದರೆ ಸಾಕು.