ಬೈಕಿಗೂ ಲಾಗ್ ಇದೆ ಸ್ವಾಮಿ

ಅಪ್ಪನ ಹಳೇ ಫೋರ್ ಸ್ಟ್ರೋಕ್ ಬೈಕನ್ನ ಊರಿಂದ ಬೆಂಗಳೂರಿಗೆ ತಂದೆ. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಪಟಾಕಿ. ಗ್ಯಾರೇಜಿನವನು ಸದ್ದು ಕೂಡ ಕೇಳದೆ "ಕಾರ್ಬೊರೇಟರ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ" ಅಂದ. ಹಾಕಿಸಿದೆ. ಪಟಾಕಿ ನಿಲ್ಲಲಿಲ್ಲ.

ತಪ್ಪು ನನ್ನದೂ ಹೌದು. ಆಫೀಸಿನಲ್ಲಿ ಲಾಗ್ ನೋಡದೆ ಕೋಡ್ ಬದಲಿಸಿದವರನ್ನ ಬೈಯೋ ನಾನು, ಇಲ್ಲಿ ಸುಮ್ಮನೆ ದುಡ್ಡು ಕೊಟ್ಟೆ. ಬೈಕೂ ಹೇಳುತ್ತೆ, ನಾವು ಕೇಳಬೇಕು. ಸದ್ದು ಕಾರ್ಬೊರೇಟರ್ ಕಡೆಯಿಂದ ಬಂದರೆ ಟೈಮಿಂಗ್, ಇನ್‌ಟೇಕ್ ವಾಲ್ವ್ ನೋಡಿ. ನಿಧಾನಿಸುವಾಗ ಸೈಲೆನ್ಸರಿನಿಂದ ಬಂದರೆ ಮೊದಲು ಗಾಳಿ ಎಲ್ಲಿ ನುಗ್ತಿದೆ ಹುಡುಕಿ. ಪ್ಲಗ್ ಬಿಚ್ಚಿ: ತುದಿ ಬಿಳಿಚಿದ್ದರೆ ಪೆಟ್ರೋಲು ಕಮ್ಮಿ, ಕಪ್ಪು ಮಸಿಯಿದ್ದರೆ ಜಾಸ್ತಿ.

ಕೊನೆಗೆ ಊರಿಗೆ ಫೋನ್ ಮಾಡಿದೆ. "ಸೈಲೆನ್ಸರ್ ಇಂಜಿನ್ನಿಗೆ ಸೇರೋ ಕಡೆ ಮಸಿ ಕಾರಿದೆಯೇನೋ ನೋಡ್ಲಾ" ಅಂದ್ರು ಅಪ್ಪ. ಕಾರಿತ್ತು! ಗ್ಯಾಸ್ಕೆಟ್ ಸವೆದು ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲು ಬಿಸಿ ಪೈಪಿನಲ್ಲೇ ಸಿಡೀತಿತ್ತು. ಬೇಕಿದ್ದದ್ದು ಒಂದು ಸಣ್ಣ ರಿಂಗು.

ಬಿಇ ಓದಿದ್ದು ನಾನು, ಡೀಬಗ್ ಮಾಡಿದ್ದು ಏಳನೇ ಕ್ಲಾಸಿನ ಅಪ್ಪ. ಮುಂದಿನ ಸಲ ಯಾರಾದರೂ ಸದ್ದು ಕೇಳದೆ ಪಾರ್ಟಿನ ಹೆಸರು ಹೇಳಿದರೆ, ಕೀ ವಾಪಸ್ ಇಸ್ಕೊಳ್ಳಿ.