ಪಕ್ಕದ ಮನೆಯ ಅಮೆರಿಕನ್ ಅಜ್ಜ

ಕಳೆದ ದೀಪಾವಳಿ ಸಂಚಿಕೆಗೆಂದು ನಾನೊಂದು ಕಥೆ ಬರೆದಿದ್ದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜ, ಮಕ್ಕಳು ಅವನತ್ತ ತಿರುಗಿಯೂ ನೋಡುವುದಿಲ್ಲ, ಕೊನೆಗೆ ನಮ್ಮ ಮನೆಯ ಬಿಸಿಬೇಳೆಭಾತ್ ತಿಂದು ಕಣ್ಣೀರಿಡುತ್ತಾನೆ. ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಶ್ರೀಮತಿಗೆ ಇಷ್ಟವಾಯಿತು. ಒಂಬತ್ತು ವರ್ಷದ ಮಗಳು ಮಾತ್ರ, "ಅಪ್ಪಾ, ಆ ತಾತನ ಮಗ ಪ್ರತಿ ಸಂಡೇ ಬರ್ತಾನಲ್ಲ, ಹುಲ್ಲು ಕಟ್ ಮಾಡೋದು ಅವನೇ" ಅಂದಳು. ಏಳು ವರ್ಷದಿಂದ ಆ ಅಜ್ಜನ ನೆರೆಯವನು ನಾನು. ನನಗೆ ಗೊತ್ತೇ ಇರಲಿಲ್ಲ! ಕಥೆಯನ್ನು ಕಳಿಸಲಿಲ್ಲ.

ನಮ್ಮ ಸ್ಮರಣ ಸಂಚಿಕೆಗಳ ಕಥೆಗಳಲ್ಲಿ ಎರಡೇ ಅಮೆರಿಕ. ಒಂದು ಮಾಲು, ಫ್ರೀವೇಗಳದ್ದು. ಇನ್ನೊಂದು ಡೈವೋರ್ಸು, ಒಂಟಿ ಮುದುಕರದ್ದು. ಎರಡನ್ನೂ ವಿಮಾನ ಹತ್ತುವ ಮೊದಲೇ ಬೆಂಗಳೂರಿನಲ್ಲಿ ಕೂತು ಬರೆಯಬಹುದಿತ್ತು.

ಕಾಫ್ಕಾ ಅಮೆರಿಕಕ್ಕೆ ಬಂದವನೇ ಅಲ್ಲ. ಅವನು ತೀರಿಕೊಂಡ ಮೇಲೆ 1927ರಲ್ಲಿ ಪ್ರಕಟವಾದ 'ಅಮೆರಿಕ' ಕಾದಂಬರಿಯಲ್ಲಿ ಲಿಬರ್ಟಿ ಪ್ರತಿಮೆಯ ಕೈಯಲ್ಲಿ ಪಂಜಿನ ಬದಲು ಕತ್ತಿಯಿದೆ. ಅದು ಕನಸಿನ ದೇಶ, ನಡೆಯುತ್ತದೆ. ನಮ್ಮ ಗೊರೂರರು ಅತಿಥಿಯಾಗಿ ಬಂದು ನೋಡಿದ್ದನ್ನು 'ಅಮೆರಿಕಾದಲ್ಲಿ ಗೊರೂರು' ಎಂದು ಪ್ರವಾಸಿಯ ಬೆರಗಿನಿಂದಲೇ ಬರೆದರು. ನಾವು ಕನಸು ಕಾಣುವವರೂ ಅಲ್ಲ, ಅತಿಥಿಗಳೂ ಅಲ್ಲ. ಇಲ್ಲಿ ಮಾರ್ಟ್‌ಗೇಜ್ ಕಟ್ಟುವವರು.

1940ರಲ್ಲಿ ವಲಸೆ ಬಂದ ರಷ್ಯನ್ ಲೇಖಕ ನಬೋಕೋವ್‌ಗೆ ಕಾರು ಓಡಿಸಲೂ ಬರುತ್ತಿರಲಿಲ್ಲ. ಹೆಂಡತಿ ಓಡಿಸುತ್ತಿದ್ದಳು, ಚಿಟ್ಟೆ ಹಿಡಿಯುವ ನೆಪದಲ್ಲಿ ಊರೂರು ಸುತ್ತಿ ಮೋಟೆಲುಗಳಲ್ಲಿ ತಂಗಿ ಎಲ್ಲವನ್ನೂ ಗಮನಿಸಿದ. ಅವನ 'ಲೋಲಿಟಾ'ದ ವಸ್ತುವಿನ ಬಗ್ಗೆ ಏನೇ ಅನ್ನಿ, ಅದರೊಳಗಿನ ಮೋಟೆಲುಗಳು ಮಾತ್ರ ಅಪ್ಪಟ ಅಮೆರಿಕದವು.

ನಂಬಿಕೆ ಹುಟ್ಟುವುದು ಇಂಥ ಸಣ್ಣ ಸಂಗತಿಗಳಿಂದಲೇ. ಟಪಾಲು ಡಬ್ಬದ ಕೆಂಪು ಬಾವುಟ ಮೇಲೆದ್ದರೆ ಕಾಗದ ಬಂದಿದೆ ಎಂದಲ್ಲ, ಒಯ್ಯಬೇಕಾದ ಕಾಗದ ಒಳಗಿದೆ ಎಂದರ್ಥ. 'ಹೌ ಆರ್ ಯೂ' ಎಂದವರು ನಮ್ಮ ಮಂಡಿನೋವಿನ ವಿವರ ಕೇಳುತ್ತಿಲ್ಲ. ಬುಡಮೇಲು ಬರೆದರೆ ಊರಿನ ಓದುಗರು ಕ್ಷಮಿಸಿಯಾರು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕ್ಷಮಿಸುವುದಿಲ್ಲ.

"ಕನ್ನಡದವರ ಬಗ್ಗೆಯೇ ಬರೆದರೆ ಸಾಲದೇ?" ಎಂದು ಸ್ನೇಹಿತರು ಕೇಳುತ್ತಾರೆ. ಧಾರಾಳವಾಗಿ ಬರೆಯೋಣ. ಆದರೆ ಮಗಳ ಟೀಚರ್, ಸಾಕರ್ ಕೋಚ್, ಪ್ರಾಣಸ್ನೇಹಿತೆ ಎಲ್ಲರೂ ಅಮೆರಿಕನ್ನರೇ. ಅವರಿಲ್ಲದ ಕಥೆ ಅವಳ ಪಾಲಿಗೆ ಅರ್ಧ ಸುಳ್ಳು. ಕನ್ನಡವೆಂದರೆ ತನ್ನ ಬದುಕು ಗೊತ್ತಿಲ್ಲದವರ ಭಾಷೆ ಎಂದು ಅವಳಿಗೆ ಅನ್ನಿಸಿಬಿಟ್ಟರೆ, ಎಷ್ಟು ಕನ್ನಡ ಶಾಲೆ ನಡೆಸಿದರೇನು?

ಟೆಸ್ಟ್ ಮಾಡದ ಕೋಡನ್ನು ನಾವು ಆಫೀಸಿನಲ್ಲಿ ರಿಲೀಸ್ ಮಾಡುವುದಿಲ್ಲ. ಕಥೆಗೇಕೆ ಬೇರೆ ನಿಯಮ? ಮುಂದಿನ ಭಾನುವಾರವೇ ಬಿಸಿಬೇಳೆಭಾತ್ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆ. ಅಜ್ಜ ಅಳಲಿಲ್ಲ, ಇನ್ನೊಂದು ಚಮಚ ಹಾಕಿಸಿಕೊಂಡ. ಕಣ್ಣಲ್ಲಿ ನೀರು ಬಂದದ್ದು ಮಗನಿಗೆ, ಅದೂ ಖಾರಕ್ಕೆ!

ಈ ಸಲದ ಸಂಚಿಕೆಗೆ ಆ ಕಥೆ ಬರೆಯುತ್ತಿದ್ದೇನೆ. ನೀವೂ ನಿಮ್ಮ ಬೀದಿಯನ್ನು ಬರೆಯಿರಿ. ಏನಂತೀರಿ?