ಕಜ್ಜಿಗೆ ಜಾತಿ ಇಲ್ಲ, ಮುಲಾಮಿಗೆ ಇದೆ

ಹೋದ ಮಳೆಗಾಲದಲ್ಲಿ ಯಲಹಂಕ ಕಡೆಯ ಒಂದು ಹಾಸ್ಟೆಲಿಗೆ ಕಜ್ಜಿ ಬಂತು. ಹಾಸ್ಟೆಲಿನ ಹೆಸರು ಬೇಡ. ಹೇಳಿದರೆ ಅಲ್ಲಿನ ಹುಡುಗರಿಗೇ ತೊಂದರೆ. ಹೇಳದಿದ್ದರೂ ನಿಮಗೆ ಗೊತ್ತಾಗುತ್ತೆ, ಯಾಕಂದರೆ ನಿಮ್ಮ ಹಾಸ್ಟೆಲಿಗೂ ಅದು ಬಂದು ಹೋಗಿದೆ.

ಮೊದಲು ಒಬ್ಬನ ಬೆರಳ ಸಂದಿಯಲ್ಲಿ ಕಾಣಿಸಿತು. ತಿಂಗಳು ಕಳೆಯೋದರೊಳಗೆ ಇಡೀ ರೂಮಿಗೆ. ರಾತ್ರಿಯೆಲ್ಲ ಕೆರೆತ, ಹಗಲು ಕ್ಲಾಸಿನಲ್ಲಿ ತೂಕಡಿಕೆ. ಹದಿನಾಲ್ಕು ಜನಕ್ಕೆ ಒಂದು ಟ್ಯೂಬು ಮುಲಾಮು ಬಂತು. ಯಾರ ಮೈಗೆ ಸಾಕು? ಕಡೆಗೊಂದು ದಿನ ತಪಾಸಣೆಗೆ ಬಂದ ದೊಡ್ಡ ಮನುಷ್ಯರು ಮೂಗಿಗೆ ಕರ್ಚೀಫು ಹಿಡಿದು ಕೇಳಿದ ಮೊದಲ ಪ್ರಶ್ನೆ ಇದು: "ಏನ್ರೋ, ಸ್ನಾನ ಮಾಡಲ್ವೇನ್ರೋ ನೀವು?"

ನಮ್ಮಲ್ಲಿ ಕೆಲವರು ಆ ರೂಮಿನಲ್ಲೇ ಇದ್ದೆವು. ತಲೆ ತಗ್ಗಿಸಿ ನಿಂತೆವು. ಆ ತಲೆ ತಗ್ಗಿಸಿದ್ದಕ್ಕೇ ಈ ಲೇಖನ.

ಕಜ್ಜಿ ಏನು ಅಂತ ತಿಳಿದುಕೊಳ್ಳೋಣ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತೆ. ಮೈಗೆ ಮೈ ತಾಗಿದ ಕಡೆ ಹರಡುತ್ತೆ. ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ಹೋಗಲ್ಲ. ಇಬ್ಬರ ಜಾಗದಲ್ಲಿ ಐವರನ್ನು ಮಲಗಿಸಿದರೆ, ಒಂದು ಕಂಬಳಿಯನ್ನು ಮೂವರು ಹೊದ್ದರೆ, ಅಲ್ಲಿ ಕಜ್ಜಿ ಬರುತ್ತೆ. ಬ್ರಾಹ್ಮಣರ ಹುಡುಗರನ್ನು ಹಾಗೆ ಮಲಗಿಸಿದರೂ ಬರುತ್ತೆ. ವಾಸಿ ಮಾಡೋ ದಾರಿಯೂ ಗೊತ್ತಿರೋದೇ. ರೂಮಿನ ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಮುಲಾಮು ಹಚ್ಚಬೇಕು. ಬೆಳಿಗ್ಗೆ ತೊಳೆಯಬೇಕು. ಬಟ್ಟೆ ಹಾಸಿಗೆ ಬಿಸಿನೀರಿಗೆ ಹಾಕಬೇಕು. ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಕೆರೆತ ಇಲ್ಲದವನೂ ಹಚ್ಚಬೇಕು. ಒಬ್ಬನಿಗೆ ಹಚ್ಚಿ ಉಳಿದವರನ್ನು ಬಿಟ್ಟರೆ ಮತ್ತೆ ಅದೇ ಕತೆ.

ಮುಲಾಮು ಬರೆಯೋಕೆ ಡಾಕ್ಟರು ಒಂದು ದಿನ ಬಂದರೆ ಸಾಕು. ಆದರೆ ಅದನ್ನು ಎಲ್ಲರಿಗೂ ಒಟ್ಟಿಗೆ ಹಚ್ಚಿಸಿ, ವಾರ ಬಿಟ್ಟು ಮತ್ತೆ ಬಂದು ನೋಡೋರು ಬೇಕು. ಎಲ್ಲರನ್ನೂ ಒಂದು ಕಡೆ ಕೂರಿಸಿ, ಕೈ ಹಿಡಿದು ಬೆರಳ ಸಂದಿ ನೋಡೋ ಒಬ್ಬ ನರ್ಸಮ್ಮ ಬೇಕು. ಕೈ ಹಿಡಿದು. ಅಲ್ಲೇ ಇರೋದು ನೋಡಿ ವಿಷಯ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಕತೆ ದಾಖಲಿಸಿದ್ದಾರೆ. 1929ರಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅಚ್ಚಾದ ಕಾಗದ ಅದು. ಹೆರಿಗೆಯಾದ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ. ಬಾಣಂತಿಯನ್ನು ಕೇರಿಯಿಂದ ಆಚೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಆತ ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸು. ಆಮೇಲೆ ಡಾಕ್ಟರು ಮತ್ತೆ ಬರಲಿಲ್ಲ. ಆಕೆ ಸತ್ತಳು.

ಈಗ ಹಾಗಿಲ್ಲ ಅಂತೀರಾ? ಬಾಗಿಲಲ್ಲೇ ನಿಂತು, ಮುಟ್ಟದೆ ನೋಡದೆ, ಎಲ್ಲ ಕಾಯಿಲೆಗೂ ಒಂದೇ ಜ್ವರದ ಮಾತ್ರೆಯನ್ನು ಕೈಮೇಲಿಂದ ಬಿಡೋದಕ್ಕೂ, ಆ ಥರ್ಮಾಮೀಟರಿಗೂ ಎಷ್ಟು ದೂರ? ಗೆಳೆಯರೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಕಲಮು ಓದಿ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ, ಶಾಲೆಗೆ, ಹಾಸ್ಟೆಲಿಗೆ ಸೇರಿಸದೆ ಇರೋದು ಅಪರಾಧ. ಸೇರಿಸಿಕೊಂಡ ಮೇಲೆ ಭೇದ ಮಾಡೋದೂ ಅಪರಾಧ. ಈ ಎರಡನೇ ಮಾತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಇನ್ನೊಂದು ಕತೆ ಕೇಳಿ. 1902ರ ನ್ಯೂಯಾರ್ಕ್ ನಗರ. ಬಡವರ ಕೇರಿಯ ಶಾಲೆಗಳಲ್ಲಿ ವಲಸೆ ಬಂದ ಕೂಲಿಗಳ ಮಕ್ಕಳು ತುಂಬಿದ್ದರು. ಡಾಕ್ಟರುಗಳು ಬಂದು ಕಣ್ಣುಬೇನೆ, ಹೇನು, ಹುಳುಕಡ್ಡಿ ಇದ್ದ ಮಕ್ಕಳನ್ನೆಲ್ಲ ಮನೆಗೆ ಓಡಿಸೋರು. ಔಷಧಿ ಯಾರೂ ಕೊಡುತ್ತಿರಲಿಲ್ಲ. ಮಕ್ಕಳು ಬೀದಿ ಪಾಲು. ಆಗ ಲಿಲಿಯನ್ ವಾಲ್ಡ್ ಎಂಬಾಕೆ ಲೀನಾ ರೋಜರ್ಸ್ ಎಂಬ ಒಬ್ಬ ನರ್ಸನ್ನು ನಾಲ್ಕು ಶಾಲೆಗಳಿಗೆ ಕಳಿಸಿದರು. ಆಕೆ ಶಾಲೆಯಲ್ಲೇ ಔಷಧಿ ಹಚ್ಚಿದಳು. ಮನೆಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿದಳು. ತಿಂಗಳ ಪ್ರಯೋಗ ನೋಡಿ ನಗರದವರು ಇನ್ನಷ್ಟು ನರ್ಸುಗಳನ್ನು ನೇಮಿಸಿದರು. 1902ರ ಸೆಪ್ಟೆಂಬರಿನಲ್ಲಿ ಮನೆಗೆ ಕಳಿಸಿದ ಮಕ್ಕಳ ಲೆಕ್ಕ ಹತ್ತು ಸಾವಿರದ ಮೇಲೆ. ಮಾರನೇ ವರ್ಷದ ಸೆಪ್ಟೆಂಬರಿಗೆ ಅದು ಹೆಚ್ಚೂಕಡಿಮೆ 1,100ಕ್ಕೆ ಇಳಿಯಿತು. ಶಾಲಾ ನರ್ಸ್ ಅಂದರೆ ಅಲ್ಲಿ ಹುಟ್ಟಿದ್ದೇ ಹೀಗೆ. ಹೊರಗಿಟ್ಟವರನ್ನು ಒಳಗೆ ತರೋಕೆ.

ನಮಗೆ ನ್ಯೂಯಾರ್ಕೇ ಬೇಕಿಲ್ಲ. 1897ರ ಪ್ಲೇಗಿನಲ್ಲಿ ಪುಣೆಯ ಹತ್ತಿರ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆ ಶುಶ್ರೂಷೆಗೆ ಇಳಿದರು. ಪ್ಲೇಗು ತಗುಲಿದ ಮಹಾರ್ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ಪ್ಲೇಗು ತಾಯಿಗೂ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ನಾವು ಸಾವಿತ್ರಿಬಾಯಿ ಅಂದರೆ ಮೊದಲ ಶಿಕ್ಷಕಿ ಅಂತ ಫೋಟೋಗೆ ಹಾರ ಹಾಕ್ತೀವಿ. ನಮ್ಮ ಮೊದಲ ಶಾಲಾ ನರ್ಸಮ್ಮನೂ ಆ ತಾಯಿಯೇ ಅಂತ ಯಾಕೆ ಹೇಳಲ್ಲ?

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಸುಳ್ಳು ಹೇಳಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಇಬ್ಬರು ಆಯುಷ್ ಡಾಕ್ಟರು, ಒಬ್ಬ ನರ್ಸು, ಒಬ್ಬ ಔಷಧಿಕಾರ ಇರೋ ತಂಡ. ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕು. ಹೃದಯದ ತೂತು, ಸೀಳುತುಟಿ, ಕಣ್ಣಿನ ದೋಷ ಹಿಡಿಯೋಕೆ ಅದು ಒಳ್ಳೆಯದೇ. ಆದರೆ ಕಜ್ಜಿ ವರ್ಷಕ್ಕೊಂದು ಸಲ ಕ್ಯಾಲೆಂಡರು ನೋಡಿ ಬರುತ್ತಾ? ಹದಿನೆಂಟು ವರ್ಷ ದಾಟಿದರೆ ಆ ತಂಡದ ಪಟ್ಟಿಯಲ್ಲಿ ಹೆಸರೇ ಇಲ್ಲ. ಡಿಗ್ರಿ ಓದೋ ಹಾಸ್ಟೆಲಿನ ಹುಡುಗ ಹುಡುಗಿಗೆ ಕಾಯಿಲೆ ಬರಲ್ವಾ? 2020ರಲ್ಲಿ ಇನ್ನೊಂದು ಯೋಜನೆ ಬಂತು. ಶಾಲೆಗೆ ಇಬ್ಬರು ಮೇಷ್ಟ್ರುಗಳಿಗೇ ಆರೋಗ್ಯ ರಾಯಭಾರಿ ಅಂತ ಬಿಲ್ಲೆ. ಜನಗಣತಿ, ಎಲೆಕ್ಷನ್ನು, ಬಿಸಿಯೂಟದ ಲೆಕ್ಕ ಬರೆದು ಸುಸ್ತಾದ ಮೇಷ್ಟ್ರು ಈಗ ನರ್ಸೂ ಆಗಬೇಕಂತೆ.

ಅದೇ ಹೆಬ್ಬಾಳ, ಯಲಹಂಕದ ದೊಡ್ಡ ಫೀಸಿನ ಇಂಗ್ಲಿಷ್ ಶಾಲೆಗಳನ್ನು ನೋಡಿ. ಸಿಕ್ ರೂಮು, ಮಂಚ, ಬಿಳಿ ಬಟ್ಟೆಯ ಸಿಸ್ಟರು. ಮಗುವಿನ ಮೊಣಕಾಲು ತರಚಿದರೆ ಮನೆಗೆ ಫೋನು. ಒಂದೇ ರಸ್ತೆ, ಒಂದೇ ಬಿಸಿಲು, ಎರಡು ಥರದ ಮೈ.

ಈ ಉತ್ತರ ಬೆಂಗಳೂರಿಗೆ ಯಾರ ಮಕ್ಕಳು ಬರ್ತಾರೆ? ಯಶವಂತಪುರದ ಯಾರ್ಡಿನ ಹಮಾಲರ ಮಕ್ಕಳು. ಪೌರಕಾರ್ಮಿಕರ ಮಕ್ಕಳು. ರಾಯಚೂರು, ಯಾದಗಿರಿಯಿಂದ ಬಂದು ತಗಡಿನ ಶೆಡ್ಡಿನಲ್ಲಿರೋ ಗಾರೆ ಕೆಲಸದವರ ಮಕ್ಕಳು. ಆರ್.ಟಿ. ನಗರದ ಕಡೆ ಉರ್ದು, ತಮಿಳು, ತೆಲುಗು ಆಡೋ ಮಕ್ಕಳು. ಒಬ್ಬ ಹುಡುಗಿ "ಹೊಟ್ಟಿ ಕಡೀತೈತ್ರಿ" ಅಂದಳು. ಕೇಳಿದವರು "ಏನು ಕಚ್ಚುತ್ತಮ್ಮಾ, ಹಾವಾ?" ಅಂತ ನಕ್ಕರು. ಆ ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ. ನೋವಿಗೂ ಒಂದು ಭಾಷೆ ಇದೆ. ಅದನ್ನು ಕೇಳಿಸಿಕೊಳ್ಳೋ ಕಿವಿ ನಿತ್ಯ ಅಲ್ಲೇ ಇರಬೇಕು. ವರ್ಷಕ್ಕೊಮ್ಮೆ ಜೀಪಿನಲ್ಲಿ ಬರೋ ಕಿವಿಗೆ ಅದು ಕೇಳಲ್ಲ.

ಊಟದ ಮಾತು ಬಂದರಂತೂ ಬೇಡವೇ ಬೇಡ. ಕರ್ನಾಟಕದ ಹೆಚ್ಚೂಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ ಅಂತ 2019-21ರ ಸರ್ಕಾರಿ ಸಮೀಕ್ಷೆಯೇ ಹೇಳಿದೆ. ಅದಕ್ಕೆ ವಾರಕ್ಕೊಂದು ನೀಲಿ ಮಾತ್ರೆ. ಸರಿ, ಕೊಡಲಿ. ಆದರೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತೆ, ಮಲ ಕಪ್ಪಾಗುತ್ತೆ, ಹೆದರಬೇಡ, ಊಟ ಆದಮೇಲೆ ನುಂಗು, ಟೀ ಜೊತೆ ಬೇಡ, ನಿಂಬೆಹಣ್ಣು ಹಿಂಡಿಕೋ ಅಂತ ಹೇಳೋರು ಯಾರು? ಹೇಳೋರಿಲ್ಲದೆ ಮಾತ್ರೆಗಳು ಕಿಟಕಿಯಾಚೆ ಬಿದ್ದಿರುತ್ತವೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಮಠದವರು ಅಡ್ಡ ನಿಂತರು. ಗಂಗಾವತಿಯ ಶಾಲೆಯ ಹುಡುಗಿಯರೇ ಮಠಕ್ಕೆ ಬಂದು ತಿಂತೀವಿ ಅಂತ ಉತ್ತರ ಕೊಟ್ಟರು. ನಮ್ಮ ಅಜ್ಜಿಯರ ಕಾಲದಿಂದ ರಕ್ತ ಕೊಟ್ಟ ದನದ ಬಾಡಿಗೆ 2020ರ ಕಾಯ್ದೆ ಬಂದು ಅಡ್ಡ ನಿಂತಿತು. ತಟ್ಟೆಯಿಂದ ಕಬ್ಬಿಣ ಕಿತ್ತುಕೊಂಡು ಮಾತ್ರೆಯಲ್ಲಿ ಕಬ್ಬಿಣ ಕೊಡ್ತಾರೆ. "ಏನು ತಿಂತೀಯಮ್ಮಾ?" ಅಂತ ಕೇಳಿ, ಉತ್ತರ ಕೇಳಿದ ಮೇಲೂ ಮುಖ ಹುಳ್ಳಗೆ ಮಾಡದ ನರ್ಸು ನಮಗೆ ಬೇಕು.

ಹೆಣ್ಣುಮಕ್ಕಳ ಮುಟ್ಟಿನ ಬಟ್ಟೆಯ 'ಶುಚಿ' ಯೋಜನೆ ಕೊರೋನಾ ಕಾಲದಲ್ಲಿ ನಿಂತಿದ್ದು ಮತ್ತೆ ಶುರುವಾಗಿದ್ದು 2024ರಲ್ಲಿ. ಆ ವರ್ಷಗಳಲ್ಲಿ ಹಾಸ್ಟೆಲಿನ ತಂಗಿಯರು ಏನು ಮಾಡಿದರು ಅಂತ ನಾವು ಅಣ್ಣಂದಿರಾದರೂ ಕೇಳಿದೆವಾ?

ದುಡ್ಡಿಲ್ಲ ಅಂತಾರೆ. ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಬಂದು 2013ಕ್ಕೇ ಆಯ್ತು. ಆ ಹಣದಲ್ಲಿ 2023-24ರ ಒಂದೇ ವರ್ಷ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಇಟ್ಟರು. ನಮ್ಮ ಅವ್ವಂದಿರಿಗೂ ಎರಡು ಸಾವಿರ ಬರುತ್ತೆ, ಬೇಡ ಅನ್ನಲ್ಲ. ಎಲ್ಲರಿಗೂ ಕೊಡೋದನ್ನು ಎಲ್ಲರ ಗಂಟಿನಿಂದ ಕೊಡಿ. ನಮ್ಮ ಗಂಟಿನಿಂದ ನಮ್ಮ ಹಾಸ್ಟೆಲಿಗೆ ನರ್ಸು ಕೊಡಿ. ಅದೂ ಹೊರಗುತ್ತಿಗೆಯಲ್ಲಿ ಬೇಡ. ತಿಂಗಳುಗಟ್ಟಲೆ ಸಂಬಳ ಕಾಯೋ ನರ್ಸಮ್ಮನೂ ನಮ್ಮಂತೆಯೇ ಶೋಷಿತೆ. ಅವರಲ್ಲಿ ನಮ್ಮ ಕೇರಿಯ ಅಕ್ಕಂದಿರೇ ಎಷ್ಟೋ ಜನ. ಜಗಳ ಅವರ ಮೇಲಲ್ಲ.

ಈಗ ನಮ್ಮ ಹುಳುಕು. ಕಜ್ಜಿ ಬಂದ ಆ ಹುಡುಗನ ತಟ್ಟೆಯನ್ನು ಬೇರೆ ಇಟ್ಟವರು ಯಾರು? ಅವನ ಚಾಪೆಯನ್ನು ಬಾಗಿಲಾಚೆ ಎಳೆದವರು ಯಾರು? ಮೇಲ್ಜಾತಿಯವರು ಬಂದಿರಲಿಲ್ಲ. ನಾವೇ. ಜೈ ಭೀಮ್ ಅಂತ ಕೂಗಿ ಬಂದ ರಾತ್ರಿಯೇ ನಾವು ಒಬ್ಬನನ್ನು ಅಸ್ಪೃಶ್ಯ ಮಾಡಿದೆವು. ಅವನು ಚೀಲ ಕಟ್ಟಿಕೊಂಡು ಊರಿಗೆ ಹೋದ. ಪರೀಕ್ಷೆಗೆ ಬರಲಿಲ್ಲ. ಅವನ ಒಂದು ವರ್ಷಕ್ಕೆ ಸರ್ಕಾರ ಅರ್ಧ ಹೊಣೆ, ಇನ್ನರ್ಧ ನಾವು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು:

ಒಂದು, ಪ್ರತಿ ಹಾಸ್ಟೆಲು, ವಸತಿ ಶಾಲೆಗೆ ಕಾಯಂ ನರ್ಸು. ಸಣ್ಣ ಹಾಸ್ಟೆಲುಗಳಾದರೆ ಹತ್ತಿರದ ಎರಡು ಮೂರಕ್ಕೆ ಸೇರಿ ಒಬ್ಬರು, ದಿನ ನಿಗದಿ ಮಾಡಿ.

ಎರಡು, ಹದಿನೆಂಟು ದಾಟಿದ ಹಾಸ್ಟೆಲು ವಿದ್ಯಾರ್ಥಿಗಳಿಗೂ ತಪಾಸಣೆ.

ಮೂರು, ತಲೆಗೊಂದು ಹಾಸಿಗೆ, ತಲೆಗೊಂದು ಕಂಬಳಿ, ಬಿಸಿನೀರು. ಇದಿಲ್ಲದೆ ನರ್ಸು ಬಂದರೂ ಮುಲಾಮು ನೀರಿಗೆ ಹಾಕಿದಂತೆ.

ನಾಲ್ಕು, ಮುಟ್ಟದೆ ಮಾತ್ರೆ ಎಸೆಯುವವರ ಮೇಲೆ ಕಾನೂನಿನ ಕ್ರಮ.

ಅಲ್ಲಿಯವರೆಗೆ ಕೈ ಕಟ್ಟಿ ಕೂರೋದು ಬೇಡ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೂರು ಪುಟದ ನೋಟ್‌ಬುಕ್ಕು ಇಡಿ. ಯಾರಿಗೆ, ಯಾವ ತಾರೀಕು, ಏನು ಕಾಯಿಲೆ, ಯಾರು ಆಸ್ಪತ್ರೆಗೆ ಕರೆದೊಯ್ದರು, ಎಷ್ಟು ದಿನ ಕ್ಲಾಸು ಹೋಯಿತು, ಬರೆಯಿರಿ. ಕಾಯಿಲೆಯವನು ಬೇಡ ಅಂದರೆ ಹೆಸರು ಬೇಡ, ರೂಮು ನಂಬರು ಸಾಕು. ನಿಮ್ಮ ಹಾಸ್ಟೆಲಿಗೆ ಔಷಧಿಗೆಂದು ಬಂದ ದುಡ್ಡೆಷ್ಟು, ಖರ್ಚೆಷ್ಟು ಅಂತ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮುಂದಿನ ಸಭೆಗೆ ಆ ನೋಟ್‌ಬುಕ್ಕು ಹಿಡಿದು ಬನ್ನಿ. ಎಲ್ಲ ಹಾಸ್ಟೆಲುಗಳ ನೋಟ್‌ಬುಕ್ಕು ಕಟ್ಟಿ ಸಮಾಜ ಕಲ್ಯಾಣ ಇಲಾಖೆಯ ಮೇಜಿನ ಮೇಲೆ ಇಡೋಣ.

ಹಾಗೇ ಊರಿಗೆ ಹೋದ ಆ ಹುಡುಗನನ್ನು ಕರೆತರೋಕೆ ನಮ್ಮಲ್ಲಿ ಇಬ್ಬರು ಈ ಭಾನುವಾರ ಹೊರಡ್ತಿದ್ದೇವೆ. ಅವನ ಚಾಪೆ ಈಗ ರೂಮಿನ ಮಧ್ಯದಲ್ಲಿದೆ.

ಜೈ ಭೀಮ್.